ತಲೆಗೆ ನಾಟಿದ ಕಬ್ಬಿಣ

(ಶಿರೂರಿನ ನಮ್ಮ ಕನ್ನಡ ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣದ ಬರಹರೂಪ)



ವೈದ್ಯರು ಮಾತಾಡಬೇಕಾದ ವಿಷಯವನ್ನು ಗುಮಾಸ್ತನೊಬ್ಬ ಎತ್ತಿಕೊಂಡು ನಿಂತಿದ್ದಾನಲ್ಲ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸುತ್ತಿರಬಹುದು. ನಾನು ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಬರೆಯುವವನು. ಆದರೆ ಅದೇ ಮೇಜಿನ ಮೇಲೆ ಅಪಘಾತದ ರಿಜಿಸ್ಟರೂ ಇರುತ್ತದೆ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಬೀಗದ ಕೈಯೂ ನನ್ನ ಬಳಿಯೇ. ಆ ರಿಜಿಸ್ಟರಿನ ಪುಟ ತಿರುವಿದರೆ ಬರೀ ಬೆರಳು, ಅಂಗೈ, ಪಾದ. ತಲೆಯ ಗಾಯ ಅಲ್ಲೊಂದು ಇಲ್ಲೊಂದು. ತಲೆಗೆ ಏನಾದರೂ ನಾಟಿ, ಅಲ್ಲಿಯೇ ನಿಂತುಬಿಡುವುದಂತೂ ಬಹಳ ಅಪರೂಪ. ಅಪರೂಪವಾದ್ದರಿಂದಲೇ ಅದನ್ನು ಕಂಡವರಿಗೆ ಏನು ಮಾಡಬೇಕೆಂಬುದು ತೋಚುವುದಿಲ್ಲ. ತೋಚದೆ ಇದ್ದಾಗ ನಮ್ಮ ಕೈ ಮಾಡುವ ಮೊದಲ ಕೆಲಸ ಒಂದೇ. ಎಳೆದು ತೆಗೆಯುವುದು.

ಈ ಅಭ್ಯಾಸ ನಮಗೆ ಹುಟ್ಟಿದಾಗಿನಿಂದ ಬಂದದ್ದು. ಹೊಲದಲ್ಲಿ ಜಾಲಿಮುಳ್ಳು ಹೆಟ್ಟಿದರೆ ಅಲ್ಲಿಯೇ ಕುಳಿತು ಕಿತ್ತುಹಾಕಿ ಮುಂದಿನ ಸಾಲಿಗೆ ಹೋಗುತ್ತೇವೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಗಾದೆಯನ್ನೂ ಕಟ್ಟಿಕೊಂಡಿದ್ದೇವೆ. ಕಾಲಿಗೆ ಸಲ್ಲುವ ಈ ಮಾತು ತಲೆಗೆ ಸಲ್ಲುವುದಿಲ್ಲ. ನಾನು ಈ ಹೊತ್ತು ನಿಮ್ಮ ಮುಂದೆ ಇಡಬೇಕಾದ ಸಂಗತಿ ಇಷ್ಟೇ: ತಲೆಯಲ್ಲಿ ನಾಟಿ ನಿಂತದ್ದನ್ನು ಸ್ಥಳದಲ್ಲಿ ಯಾರೂ ಕೀಳಕೂಡದು. ಏಕೆ ಕೂಡದೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕಾರಣ ತಿಳಿಯದ ನಿಷೇಧ ಗಾಬರಿಯ ವೇಳೆಯಲ್ಲಿ ನೆನಪಿಗೆ ಬರುವುದಿಲ್ಲ.

ತಲೆಬುರುಡೆ ಎಂಬುದು ಎಲುಬಿನ ಮುಚ್ಚಿದ ಪೆಟ್ಟಿಗೆ. ಅದರೊಳಗೆ ಸುಮಾರು ಒಂದೂಕಾಲು, ಒಂದೂವರೆ ಕಿಲೋ ತೂಕದ ಮೆದುಳು, ಅದರ ಸುತ್ತ ತಿಳಿಯಾದ ನೀರು, ಆ ನೀರನ್ನು ಹಿಡಿದಿಟ್ಟಿರುವ ಗಟ್ಟಿ ಪೊರೆ. ಹೊಟ್ಟೆಯಾದರೆ ಉಬ್ಬೀತು, ಬುರುಡೆ ಉಬ್ಬುವುದಿಲ್ಲ. ಒಳಗೆ ರಕ್ತ ಸೋರಿದರೆ ಆ ರಕ್ತಕ್ಕೆ ಜಾಗ ಕೊಡಬೇಕಾದದ್ದು ಮೆದುಳೇ. ನಾಟಿದ ಮೊಳೆಯೋ ಕುಡಗೋಲಿನ ತುದಿಯೋ ದಾರಿಯಲ್ಲಿ ರಕ್ತನಾಳವೊಂದನ್ನು ಸೀಳಿದ್ದರೆ, ಅದೇ ಕಬ್ಬಿಣ ಆ ನಾಳದ ಬಾಯಿಗೆ ಬಿರಡೆಯಂತೆ ಒತ್ತಿಕೊಂಡು ನಿಂತಿರುವುದುಂಟು. ಬಿರಡೆ ಕಿತ್ತರೆ ಹೂಜೆ ಬರಿದಾಗುತ್ತದೆ. ಅಷ್ಟೇ ಅಲ್ಲದೆ, ನಡುಗುವ ಕೈಯಿಂದ ಎಳೆಯುವಾಗ ಅಲಗು ಹೊಕ್ಕ ದಾರಿಯಲ್ಲಿಯೇ ಬರುವುದೆಂಬ ಭರವಸೆ ಇಲ್ಲ. ಅಲುಗಿದಷ್ಟೂ ಹೊಸ ಗಾಯ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಮೆದುಳಿಗೆ ತನ್ನ ನೋವು ತನಗೆ ತಿಳಿಯುವುದಿಲ್ಲ. ಚರ್ಮಕ್ಕೂ ಪೊರೆಗೂ ನೋವುಂಟು, ಮೆದುಳಿಗಿಲ್ಲ. ಆದ್ದರಿಂದ ತಲೆಯಲ್ಲಿ ಮೊಳೆ ನಾಟಿದವನು ಎದ್ದು ಕುಳಿತು ನೀರು ಕೇಳಬಹುದು, ತನ್ನ ಹೆಸರು ಹೇಳಬಹುದು. ನೋಡಿದವರು, ‘ಮಾತಾಡ್ತಾನಲ್ಲ, ಆಳಕ್ಕೆ ಹೋಗಿಲ್ಲ ಬಿಡ್ರಿ’ ಎಂದು ಧೈರ್ಯ ತಂದುಕೊಳ್ಳುತ್ತಾರೆ. ಮಾತಿನಿಂದ ಗಾಯದ ಆಳವನ್ನು ಅಳೆಯಲಾಗದು.

ಈ ತಿಳಿವಳಿಕೆ ಹೊಸದೆಂದು ತಿಳಿಯಬೇಡಿ. ನಮ್ಮ ಸುಶ್ರುತನ ಸಂಹಿತೆಯಲ್ಲಿ ದೇಹದೊಳಗೆ ಹೊಕ್ಕ ಪರವಸ್ತುವಿಗೆ ಶಲ್ಯವೆಂದು ಹೆಸರು; ಶಸ್ತ್ರವೈದ್ಯಕ್ಕೇ ಶಲ್ಯತಂತ್ರವೆಂದು ಹೆಸರು. ಅವನು ಎಣಿಸಿದ 107 ಮರ್ಮಸ್ಥಾನಗಳಲ್ಲಿ ಮೂರನ್ನು ಬೇರೆಯಾಗಿಟ್ಟು ವಿಶಲ್ಯಘ್ನವೆಂದು ಕರೆದಿದ್ದಾನೆ. ಶಲ್ಯ ಒಳಗಿರುವ ತನಕ ಮನುಷ್ಯ ಬದುಕಿರುತ್ತಾನೆ, ಕಿತ್ತೊಡನೆ ಸಾಯುತ್ತಾನೆ ಎಂದು ಅದರ ಅರ್ಥ. ಆ ಮೂರೂ ತಲೆಯಲ್ಲಿವೆ: ಹುಬ್ಬುಗಳ ನಡುವೆ ಸ್ಥಪನಿ, ಎರಡು ಕಪೋಲಗಳ ಮೇಲ್ಬದಿ, ಕಣತಲೆಯ ಕಡೆ, ಉತ್ಕ್ಷೇಪಗಳು. ಕಣತಲೆಯ ಎಲುಬು ತೆಳ್ಳಗಿನದು, ಅದರ ಒಳಮಗ್ಗುಲಲ್ಲಿಯೇ ಪೊರೆಯ ರಕ್ತನಾಳ ಹರಿಯುತ್ತದೆ ಎಂಬುದನ್ನು ಇಂದಿನ ವೈದ್ಯರು ಹೇಳುತ್ತಾರೆ. ಆತ ಕಾರಣಗಳನ್ನು ಬೇರೆ ರೀತಿಯಲ್ಲಿ ವಿವರಿಸಿದ್ದಾನೆ, ನಿಜ. ಆದರೆ ಬಾಣ ಕಿತ್ತೊಡನೆ ಸತ್ತವರನ್ನು ಯಾರೋ ಕಣ್ಣಾರೆ ಕಂಡು ನೆನಪಿನಲ್ಲಿಟ್ಟುಕೊಂಡಿದ್ದರೆಂಬುದು ಆ ಹೆಸರಿನಿಂದಲೇ ಗೊತ್ತಾಗುತ್ತದೆ. ಶಲ್ಯ ತೆಗೆಯುವ ಹದಿನೈದು ಉಪಾಯಗಳಲ್ಲಿ ಅವನು ಅಯಸ್ಕಾಂತವನ್ನೂ ಸೇರಿಸಿದ್ದಾನೆ. ಈ ಮಾತನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಪಶ್ಚಿಮದೇಶದವರು ಈ ವಿಷಯ ಬಂದಾಗಲೆಲ್ಲ ಹೇಳುವ ಕಥೆ ಫಿನಿಯಸ್ ಗೇಜ್ ಎಂಬವನದು. ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ರೈಲುದಾರಿಯ ಕೆಲಸಗಾರರ ಮುಕ್ಕದಂ ಅವನು, ವಯಸ್ಸು 25. 1848ನೆಯ ಸಪ್ಟೆಂಬರ 13ರಂದು ಬಂಡೆಯ ಕುಳಿಯಲ್ಲಿ ಮದ್ದು ಜಡಿಯುತ್ತಿದ್ದಾಗ ಅದು ಸಿಡಿದು, 3 ಅಡಿ 7 ಅಂಗುಲ ಉದ್ದದ, 13 ಪೌಂಡಿಗಿಂತ ಹೆಚ್ಚು ತೂಗುವ ಹಾರೆ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿದ್ದು ಹಾರಿಹೋಯಿತು. ಅವನು ಗಾಡಿಯಲ್ಲಿ ಕುಳಿತುಕೊಂಡೇ ಊರಿಗೆ ಬಂದ. ಮುಂದೆ ಹನ್ನೊಂದೂವರೆ ವರ್ಷ ಬದುಕಿ, 1860ರ ಮೇ ತಿಂಗಳಲ್ಲಿ ಫಿಟ್ಸ್ ಮೇಲಿಂದ ಮೇಲೆ ಬಂದು ತೀರಿಕೊಂಡ. ಇದನ್ನು ಎಲ್ಲರೂ ಪವಾಡದಂತೆ ಹೇಳುತ್ತಾರೆ; ಅವನ ಸ್ವಭಾವವೇ ಬದಲಾಯಿತೆಂದು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಬರೆಯುತ್ತಾರೆ. ನನಗೆ ಈ ಕಥೆಯಲ್ಲಿ ಹೆಚ್ಚು ಹಿಡಿಸಿದವರು ಜಾನ್ ಹಾರ್ಲೋ ಎಂಬ ಹಳ್ಳಿಯ ವೈದ್ಯರು. ಕ್ಷ-ಕಿರಣವಿಲ್ಲ, ಕೀವಿನ ಔಷಧಿಯಿಲ್ಲ. ರೋಗಾಣುವಿನ ಕಲ್ಪನೆಯೂ ವೈದ್ಯರಲ್ಲಿ ಇನ್ನೂ ಬೇರೂರಿರಲಿಲ್ಲ. ಆದರೂ ವಾರಗಟ್ಟಲೆ ಪಕ್ಕದಲ್ಲಿದ್ದು, ಎಲುಬಿನ ಚೂರುಗಳನ್ನು ಆರಿಸಿ ತೆಗೆದು, ಗಾಯದಲ್ಲಿ ಕೀವು ತುಂಬಿದಾಗ ಅದಕ್ಕೆ ದಾರಿ ಮಾಡಿಕೊಟ್ಟು, ಅವನನ್ನು ಉಳಿಸಿಕೊಂಡರು. ಹಾರೆ ತಾನಾಗಿಯೇ ಹೊರಗೆ ಹೋಗಿತ್ತು. ವೈದ್ಯರ ಕೆಲಸ ಮೊದಲಾದದ್ದು ಆಮೇಲೆ.

ಗುಂಡಿನ ಗಾಯಕ್ಕೂ ಮೊಳೆ, ಹಾರೆ, ಕುಡಗೋಲಿನ ಗಾಯಕ್ಕೂ ಭೇದವುಂಟು. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುವುದೆಂದು ಶಾಲೆಯಲ್ಲಿ ಓದಿದ್ದೇವಷ್ಟೆ. ಬಂದೂಕಿನ ಗುಂಡು ತನ್ನ ದಾರಿಯ ಸುತ್ತಮುತ್ತಲಿನ ಮೆದುಳನ್ನೂ ನಡುಗಿಸಿ ಹಾಳುಮಾಡುತ್ತದೆ. ಕೈಯ ಬಲದಿಂದ ಅಥವಾ ಬಿದ್ದ ರಭಸದಿಂದ ನಾಟಿದ ಸಳಿ ಬಹುಮಟ್ಟಿಗೆ ತಾನು ಹೊಕ್ಕ ದಾರಿಯನ್ನಷ್ಟೇ ಕೆಡಿಸುತ್ತದೆ. ಆ ದಾರಿಯಲ್ಲಿ ದೊಡ್ಡ ರಕ್ತನಾಳವಾಗಲಿ ಮೆದುಳಿನ ಕಾಂಡವಾಗಲಿ ಸಿಗದಿದ್ದರೆ ಆ ಮನುಷ್ಯ ಉಳಿಯಬಲ್ಲ, ಮತ್ತೆ ಕೆಲಸಕ್ಕೂ ಬರಬಲ್ಲ. ತಲೆಯಲ್ಲಿ ಕಬ್ಬಿಣ ಕಂಡೊಡನೆ, ‘ಮುಗೀತು’ ಎಂದು ಕೈಚೆಲ್ಲುವುದೂ ಕಿತ್ತುಹಾಕುವಷ್ಟೇ ಕೆಟ್ಟದ್ದು. ಗಿರಣಿಯಲ್ಲಿ, ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಆಗುವ ಗಾಯಗಳು ಹೆಚ್ಚಾಗಿ ಈ ಎರಡನೆಯ ಜಾತಿಯವು.

ಶಸ್ತ್ರಚಿಕಿತ್ಸೆ ಇದನ್ನೆಲ್ಲ ಕಲಿತದ್ದು ಯುದ್ಧಗಳಿಂದ, ದುಬಾರಿ ಬೆಲೆ ತೆತ್ತು. 1917ರಲ್ಲಿ ಬೆಲ್ಜಿಯಮ್ಮಿನ ರಣಭೂಮಿಯ ಹಿಂದಿನ ಡೇರೆಗಳಲ್ಲಿ ಅಮೆರಿಕದ ಹಾರ್ವೆ ಕುಶಿಂಗ್ ಅವರು ತಲೆಗಾಯದ ಸಿಪಾಯಿಗಳಿಗೆ ಚಿಕಿತ್ಸೆ ಮಾಡುತ್ತಿದ್ದರು. ಮೆದುಳಿನ ಒಳಗಾಯವಾದವರಲ್ಲಿ ಮೊದಲು ನೂರಕ್ಕೆ 54-55 ಮಂದಿ ಸಾಯುತ್ತಿದ್ದರು. ಮೂರೇ ತಿಂಗಳಲ್ಲಿ ಅದು 28-29ಕ್ಕೆ ಇಳಿಯಿತು. ಹೊಸ ಔಷಧಿ ಯಾವುದೂ ಬಂದಿರಲಿಲ್ಲ. ಕ್ಷ-ಕಿರಣದಿಂದ ಚೂರು ಎಲ್ಲಿದೆಯೆಂದು ಮೊದಲು ನೋಡುವುದು, ಗಾಯದ ದಾರಿಯಲ್ಲಿ ಬೆರಳು ಹಾಕದೆ ಮೆತ್ತನೆಯ ರಬ್ಬರ್ ನಳಿಕೆಯಿಂದ ಹೀರಿ ಶುಚಿಮಾಡುವುದು, ಕೊನೆಗೆ ಗಾಯವನ್ನು ತೆರೆದಿಡದೆ ಪೂರ್ತಿಯಾಗಿ ಹೊಲಿದು ಮುಚ್ಚುವುದು. ಇಷ್ಟೇ. ಕಬ್ಬಿಣದ ಚೂರುಗಳನ್ನು ಸೆಳೆಯಲು ಅವರು ಅಯಸ್ಕಾಂತವನ್ನೂ ಬಳಸಿದರು! ಸುಶ್ರುತನ ಪಟ್ಟಿಯನ್ನು ಅವರು ಓದಿದ್ದರೋ ಇಲ್ಲವೋ, ಉಪಾಯವಂತೂ ಅದೇ.

ಎರಡನೆಯ ಮಹಾಯುದ್ಧದ ಕಾಲಕ್ಕೂ ಆಮೇಲೆಯೂ, ಒಳಗುಳಿದ ಒಂದೊಂದು ಚೂರನ್ನೂ ಹುಡುಕಿ ತೆಗೆಯಲೇಬೇಕು ಎಂಬ ಹಟ ವೈದ್ಯರಲ್ಲಿತ್ತು. ಅದಕ್ಕಾಗಿ ಮತ್ತೆ ಮತ್ತೆ ತಲೆ ತೆರೆಯುತ್ತಿದ್ದರು. 1980ರ ದಶಕದ ಯುದ್ಧಗಳ ಅನುಭವದಿಂದ ಆ ಹಟ ಸಡಿಲಾಯಿತು. ಆಳದಲ್ಲಿ ಕುಳಿತ ಸಣ್ಣ ಚೂರನ್ನು ಹುಡುಕುವ ಭರದಲ್ಲಿ ಒಳ್ಳೆಯ ಮೆದುಳು ಕೆಡುವುದಾದರೆ ಅದನ್ನು ಅಲ್ಲಿಯೇ ಬಿಡುವುದು ಲೇಸು, ಪೊರೆಯನ್ನು ನೀರು ಸೋರದಂತೆ ಮುಚ್ಚುವುದೇ ಮುಖ್ಯ ಎಂಬ ಅಭಿಪ್ರಾಯ ಬಲವಾಗಿ, 2001ರಲ್ಲಿ ವೈದ್ಯರು ಕೂಡಿ ಹೊರಡಿಸಿದ ಮಾರ್ಗದರ್ಶಿಯಲ್ಲಿಯೂ ಸೇರಿತು. ನೋಡಿರಿ, ತಲೆಯೊಳಗಿನದನ್ನು ತೆಗೆಯುವುದು ಬಿಡುವುದು ಅಷ್ಟು ಸಲೀಸಾದ ತೀರ್ಮಾನವಾಗಿದ್ದರೆ ಬಲ್ಲವರು ಇಷ್ಟು ವರ್ಷ ಚರ್ಚೆ ಮಾಡುತ್ತಿದ್ದರೇ?

ನಮ್ಮ ದೇಶದಲ್ಲಿ ಈ ವಿದ್ಯೆ ಸ್ವಾತಂತ್ರ್ಯದ ಬೆನ್ನಿಗೇ ಬಂದದ್ದು. ವೆಲ್ಲೂರಿನಲ್ಲಿ 1949ರಲ್ಲಿ ಡಾ. ಜೇಕಬ್ ಚಾಂಡಿ, ಮದ್ರಾಸಿನಲ್ಲಿ 1950ರಲ್ಲಿ ಡಾ. ಬಿ. ರಾಮಮೂರ್ತಿ, ಮುಂಬಯಿಯಲ್ಲಿ ಡಾ. ರಾಮ ಗಿಂಡೆಯವರು ಅಡಿಪಾಯ ಹಾಕಿದರು. (ಗಿಂಡೆ ಎಂಬ ಅಡ್ಡಹೆಸರು ನಮ್ಮ ಬೆಳಗಾವಿ ಕಡೆಯವರ ಕಿವಿಗೆ ಪರಕೀಯವೇನಲ್ಲ.) ಕನ್ನಡನಾಡಿಗೆ ಬಂದರೆ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮೊದಲಾಯಿತು. ಡಾ. ಆರ್. ಎಂ. ವರ್ಮಾ ಅವರು ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ನಮ್ಮ ಜನ ಇನ್ನೂ ಅದನ್ನು ‘ಹುಚ್ಚರ ದವಾಖಾನೆ’ ಎನ್ನುವುದುಂಟು. ರಸ್ತೆಯಲ್ಲಿ ತಲೆ ಒಡೆದುಕೊಂಡವರು, ಕಟ್ಟಡದಿಂದ ಬಿದ್ದವರು ಹಗಲು ರಾತ್ರಿ ಅದರ ಬಾಗಿಲಿಗೆ ಬರುತ್ತಾರೆ. ಹೆಸರಿಗೆ ಹೆದರಿ ತಲೆಗಾಯದವನನ್ನು ಅಲ್ಲಿಗೆ ಒಯ್ಯದಿರುವುದು ತೀರ ಅನ್ಯಾಯ.

ಇನ್ನು ಆಪರೇಷನ್ ಕೋಣೆಯೊಳಗೆ ಏನು ನಡೆಯುತ್ತದೆಂಬುದನ್ನು ನಾನು ಓದಿ, ಕೇಳಿ ತಿಳಿದಷ್ಟು ಹೇಳುತ್ತೇನೆ. ಮೊದಲು ಉಸಿರು, ರಕ್ತದ ಒತ್ತಡ, ಆಮೇಲೆ ತಲೆ. ಬಳಿಕ ಸಿ.ಟಿ. ಸ್ಕ್ಯಾನ್. ತಲೆಯೊಳಗನ್ನು ಹೋಳು ಹೋಳಾಗಿ ತೋರಿಸುವ ಈ ಯಂತ್ರವನ್ನು ಹೌನ್ಸ್‌ಫೀಲ್ಡ್ ಎಂಬವರು ನಿರ್ಮಿಸಿ, 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೇಲೆ ಬಳಸಿದರು. ಕಬ್ಬಿಣ ಎಷ್ಟು ಆಳ ಹೋಗಿದೆ, ಯಾವ ಬದಿಗೆ ವಾಲಿದೆ, ರಕ್ತ ಎಲ್ಲಿ ಹೆಪ್ಪುಗಟ್ಟಿದೆ ಎಂಬುದು ಇದರಲ್ಲಿ ಕಾಣುತ್ತದೆ. ದೊಡ್ಡ ನಾಳದ ಹತ್ತಿರವೆಂದು ಕಂಡರೆ ರಕ್ತನಾಳಗಳ ಚಿತ್ರವನ್ನೂ ತೆಗೆಯುತ್ತಾರೆ. ಎಂ.ಆರ್.ಐ. ಎಂಬುದು ಬಲವಾದ ಅಯಸ್ಕಾಂತವಾದ್ದರಿಂದ ತಲೆಯಲ್ಲಿ ಕಬ್ಬಿಣವಿದ್ದವನನ್ನು ಅದರ ಹತ್ತಿರ ಸುಳಿಯಗೊಡುವುದಿಲ್ಲ.

ಶಸ್ತ್ರವೈದ್ಯರು ಕಬ್ಬಿಣಕ್ಕೆ ಕೂಡಲೇ ಕೈಹಾಕುವುದಿಲ್ಲ. ಅದರ ಸುತ್ತ ಎಲುಬನ್ನು ಬಿಲ್ಲೆಯಂತೆ ಕೊರೆದು ಬಿಡಿಸುತ್ತಾರೆ. ಪೊರೆಯನ್ನು ಬಿಚ್ಚಿ, ಅಲಗು ಮೆದುಳಿಗೆ ಹೊಕ್ಕ ಜಾಗವನ್ನು ಕಣ್ಣಾರೆ ನೋಡುತ್ತಾರೆ. ಸೀಳಿದ ನಾಳವನ್ನು ಹಿಡಿಯುವ ಸಲಕರಣೆ ಸಿದ್ಧವಾಗಿರುತ್ತದೆ, ರಕ್ತದ ಚೀಲಗಳು ಪಕ್ಕದಲ್ಲಿರುತ್ತವೆ. ಅಷ್ಟಾದ ಮೇಲೆ, ಹೊಕ್ಕ ದಾರಿಯಲ್ಲಿಯೇ, ಓರೆಯಾಗದಂತೆ, ನಿಧಾನವಾಗಿ ಹೊರಕ್ಕೆ. ರಕ್ತ ಚಿಮ್ಮಿದರೆ ಅಲ್ಲಿಯೇ ತಡೆಯುತ್ತಾರೆ. ಒಳಹೊಕ್ಕ ಕೂದಲು, ಬಟ್ಟೆಯ ಎಳೆ, ಎಲುಬಿನ ಚೂರು, ಕೆಟ್ಟ ಮೆದುಳು ಇವನ್ನು ತೊಳೆದು ತೆಗೆದು, ಪೊರೆಗೆ ತೂತು ಬಿದ್ದಿದ್ದರೆ ರೋಗಿಯ ತಲೆಯಿಂದಲೋ ತೊಡೆಯಿಂದಲೋ ತೆಳುಪದರ ತೆಗೆದು ತೇಪೆ ಹಾಕುತ್ತಾರೆ. ಗಂಟೆಗಟ್ಟಲೆಯ ಈ ಕೆಲಸವನ್ನು ನಾವು ಗಿರಣಿಯ ಅಂಗಳದಲ್ಲಿ ಒಂದೇ ಎಳೆತಕ್ಕೆ ಮಾಡಹೊರಡುತ್ತೇವೆ!

ತಾಯಂದಿರು ದಯವಿಟ್ಟು ಮುಂದಿನ ಮಾತನ್ನು ಲಕ್ಷ್ಯಗೊಟ್ಟು ಕೇಳಬೇಕು. ಕಣ್ಣುಗುಳಿಯ ಮೇಲ್ಛಾವಣಿಯ ಎಲುಬು ಕಾಗದದಷ್ಟು ತೆಳು. ಅದರ ಮೇಲೆಯೇ ಮೆದುಳು. ಮಕ್ಕಳು ಪೆನ್ಸಿಲು, ಬಿದಿರುಕಡ್ಡಿ, ಪತಂಗದ ಕಡ್ಡಿ ಹಿಡಿದು ಓಡುವಾಗ ಮುಗ್ಗರಿಸಿ ಬಿದ್ದು, ಕಡ್ಡಿ ರೆಪ್ಪೆಯ ಮೇಲೆ ಚುಚ್ಚಿದರೆ, ಹೊರಗೆ ಕಾಣುವುದು ಜೋಳದ ಕಾಳಿನಷ್ಟು ಗಾಯ. ಕಣ್ಣು ಚೆನ್ನಾಗಿಯೇ ಕಾಣಿಸುತ್ತಿರಬಹುದು. ಅರಿಶಿನ ಒತ್ತಿ ಮಲಗಿಸಿಬಿಡುತ್ತೇವೆ. ಕಡ್ಡಿಯ ತುದಿ ಮುರಿದು ಒಳಗುಳಿದಿದ್ದರೆ? ಕಟ್ಟಿಗೆಯ ಚೂರು ಕಬ್ಬಿಣದಂತೆ ಸ್ಕ್ಯಾನಿನಲ್ಲಿ ಥಟ್ಟನೆ ಹೊಳೆಯುವುದಿಲ್ಲ. ಮೊದಮೊದಲು ಗಾಳಿಯ ಗುಳ್ಳೆಯಂತೆ ಕಂಡು ಮೋಸಮಾಡುತ್ತದೆ. ಕಟ್ಟಿಗೆಯ ಸಂದುಗಳಲ್ಲಿ ರೋಗಾಣುಗಳೂ ಹೆಚ್ಚು. ವಾರಗಳು ಕಳೆದ ಮೇಲೆ ಜ್ವರ, ವಾಂತಿ, ತಲೆನೋವು ಬಂದಾಗ ಹಳೆಯ ಗಾಯದ ನೆನಪೇ ಯಾರಿಗೂ ಇರುವುದಿಲ್ಲ, ಒಳಗೆ ಕೀವಿನ ಗಡ್ಡೆ ಬೆಳೆದಿರುತ್ತದೆ. ಆದುದರಿಂದ ಕಣ್ಣಿನ ಸುತ್ತ ಕಡ್ಡಿ ಚುಚ್ಚಿದ ಮಗುವನ್ನು ಅದೇ ದಿನ ದವಾಖಾನೆಗೆ ಒಯ್ಯಬೇಕು. ಚುಚ್ಚಿದ್ದು ಕಟ್ಟಿಗೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಮುರಿದ ಕಡ್ಡಿಯ ಉಳಿದ ತುಂಡನ್ನು ಜೊತೆಗೆ ಒಯ್ಯಬೇಕು.

ಆಪರೇಷನ್ ಮುಗಿದರೆ ಎಲ್ಲ ಮುಗಿಯಿತೆಂದಲ್ಲ. ಧನುರ್ವಾಯುವಿನ ಚುಚ್ಚುಮದ್ದು, ಕೀವಾಗದಂತೆ ಔಷಧಿ, ಮೊದಲ ವಾರ ಫಿಟ್ಸ್ ತಡೆಯುವ ಔಷಧಿ. ವಿಯಟ್ನಾಂ ಯುದ್ಧದಲ್ಲಿ ತಲೆಗೆ ಇಂಥ ಗಾಯವಾದ ಸಿಪಾಯಿಗಳನ್ನು ಹದಿನೈದು ವರ್ಷ ಗಮನಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎಂದಾದರೊಮ್ಮೆ ಫಿಟ್ಸ್ ಬಂದಿತ್ತು. ಅದು ಗಾಯದ ಕಲೆಯಿಂದ ಬರುವುದು. ದೆವ್ವದ ಕಾಟವಲ್ಲ, ಮದುವೆಗೆ ಮುಚ್ಚಿಡಬೇಕಾದ ಕಳಂಕವೂ ಅಲ್ಲ. ಪೆಟ್ಟುಬಿದ್ದ ನಾಳದ ಗೋಡೆ ಉಬ್ಬಿ ದಿನಗಳ, ವಾರಗಳ ಮೇಲೆ ಒಡೆಯುವ ಅಪಾಯವೂ ಉಂಟು. ವೈದ್ಯರು ಮತ್ತೆ ಬರಹೇಳಿದರೆ ‘ಆರಾಮ ಆದನಲ್ಲ’ ಎಂದು ತಪ್ಪಿಸಬಾರದು.

ಈಗ ನಮ್ಮ ಊರಿನ ಮಾತು. ಸ್ಕ್ಯಾನ್, ನರಶಸ್ತ್ರವೈದ್ಯ, ರಕ್ತ ಈ ಮೂರೂ ಒಂದೇ ಸೂರಿನಡಿ ಬೇಕಾದರೆ ನಾವು ಸಾಮಾನ್ಯವಾಗಿ ನೋಡುವುದು ಪುಣೆಯ ಕಡೆಗೆ, ಹತ್ತಿರ ಹತ್ತಿರ 70 ಕಿಲೋಮೀಟರು. 1818ರ ಜನವರಿಯಲ್ಲಿ ಕೋರೆಗಾಂವ್ ಕಾಳಗದ ಗಾಯಾಳುಗಳನ್ನು ಹೊತ್ತು ಕಂಪನಿಯ ದಂಡು ಶಿರೂರಿಗೆ ಮರಳಿತ್ತು. ಅಂದು ಗಾಯಾಳುಗಳು ಈ ಕಡೆಗೆ ಬಂದರು, ಇಂದು ಅದೇ ದಾರಿಯಲ್ಲಿ ಆ ಕಡೆಗೆ ಹೋಗುತ್ತಾರೆ. ಶಿಕ್ರಾಪುರ, ಲೋಣಿಕಂದ, ವಾಘೋಲಿಯಲ್ಲಿ ಗಾಡಿಗಳ ಸಾಲು ಹೇಗೆ ನಿಲ್ಲುತ್ತದೆಂಬುದು ನಿಮಗೆ ಗೊತ್ತೇ ಇದೆ. ಆದ್ದರಿಂದ ಮೊದಲ ಹತ್ತು ನಿಮಿಷವನ್ನು ಕಳೆಯಬಾರದು. ಮಹಾರಾಷ್ಟ್ರದಲ್ಲಿ 2014ರಿಂದ 108ಕ್ಕೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಬಿಜಾಪುರ, ಕಲಬುರ್ಗಿಯ ನಮ್ಮ ಊರುಗಳಲ್ಲಿಯೂ ಇದೇ ಅಂಕಿ. ‘ತಲೆಯಲ್ಲಿ ಕಬ್ಬಿಣ ನಾಟಿದೆ, ತೆಗೆದಿಲ್ಲ’ ಎಂದು ಅಷ್ಟು ಸ್ಪಷ್ಟವಾಗಿ ಹೇಳಬೇಕು.

ಗಾಡಿ ಬರುವ ತನಕ ಒಬ್ಬನು ತಲೆಯನ್ನು ಎರಡು ಕೈಯಿಂದ ಅಲುಗದಂತೆ ಹಿಡಿದಿರಲಿ. ಧೋತರವನ್ನೋ ಪಂಚೆಯನ್ನೋ ಸುತ್ತಿ ಸಿಂಬೆ ಮಾಡಿ, ನಾಟಿದ ವಸ್ತುವಿನ ಸುತ್ತ ಇಟ್ಟು, ಅದು ಆಡದಂತೆ ಕಟ್ಟಬೇಕು. ರಕ್ತ ಬರುತ್ತಿದ್ದರೆ ವಸ್ತುವಿನ ಮೇಲೆ ಒತ್ತದೆ ಪಕ್ಕದಲ್ಲಿ ಮೆತ್ತಗೆ ಒತ್ತಬೇಕು. ಮೂಗಿನಿಂದ, ಕಿವಿಯಿಂದ ತಿಳಿನೀರು ಸುರಿದರೆ ಹತ್ತಿ ತುರುಕಬಾರದು. ನೀರು, ಚಹಾ, ಏನನ್ನೂ ಕುಡಿಸಬಾರದು. ಮುಂದೆ ಅರಿವಳಿಕೆ ಕೊಡಬೇಕಾಗುತ್ತದೆ. ಎಚ್ಚರ ತಪ್ಪಿದ್ದರೆ ತಲೆ ಕತ್ತು ಒಟ್ಟಿಗೆ ಹಿಡಿದು ಪಕ್ಕಕ್ಕೆ ಹೊರಳಿಸಿ, ಉಸಿರಿನ ದಾರಿ ನೋಡಬೇಕು. ಫಿಟ್ಸ್ ಬಂದರೆ ಕೈಯಲ್ಲಿ ಕಬ್ಬಿಣ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ಇಡುವುದು ಯಾವುದೂ ಬೇಡ. ಮನುಷ್ಯ ಉದ್ದನೆಯ ಸಳಿಗೆ ಸಿಕ್ಕಿಕೊಂಡಿದ್ದರೆ ಅವನನ್ನು ಸಳಿಯಿಂದ ಬಿಡಿಸಬಾರದು; ಸಳಿಯನ್ನು ಗೋಡೆಯಿಂದ ಬಿಡಿಸಬೇಕು. ಅದನ್ನು ಕೊಯ್ಯುವುದು ಬಲ್ಲವರ ಕೆಲಸ, ಕೊಯ್ಯುವಾಗ ತಲೆಯ ಕಡೆಯ ತುಂಡನ್ನು ಗಟ್ಟಿಯಾಗಿ ಹಿಡಿದಿರಬೇಕು. ಗುಮಾಸ್ತನಾಗಿ ನನ್ನದೊಂದು ಸಲಹೆ: ಅಂಥದೇ ಇನ್ನೊಂದು ಮೊಳೆ ಅಥವಾ ಕುಡಗೋಲು ಸ್ಟೋರಿನಲ್ಲಿದ್ದರೆ ಜೊತೆಗೆ ಕಳಿಸಿರಿ, ಒಳಗೆ ಹೋದದ್ದರ ಆಕಾರ ವೈದ್ಯರಿಗೆ ಹೊರಗೇ ತಿಳಿಯುತ್ತದೆ. ಗಾಯವಾದ ಹೊತ್ತು, ಎಚ್ಚರ ತಪ್ಪಿದ ಹೊತ್ತು ಒಂದು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿ ಇಡಿರಿ.

‘ಪೊಲೀಸ್ ಕೇಸಾಗ್ತದ, ನಮಗ್ಯಾಕ’ ಎನ್ನುವವರಿಗೆ ಎರಡು ಮಾತು. ಗಾಯಾಳು ಬಂದರೆ ಪೊಲೀಸರ ಕಾಗದಕ್ಕೆ ಕಾಯದೆ ಮೊದಲು ಚಿಕಿತ್ಸೆ ಕೊಡತಕ್ಕದ್ದೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪುಕೊಟ್ಟಿದೆ. ರಸ್ತೆಯ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವನನ್ನು ಕಾಡಬಾರದೆಂದು 2016ರಲ್ಲಿ ಅದೇ ಕೋರ್ಟು ಹೇಳಿತು. 2019ರಲ್ಲಿ ಮೋಟಾರು ವಾಹನ ಕಾಯದೆಯಲ್ಲಿಯೂ ಅದು ಸೇರಿತು. ಲಾರಿಯ ಹಿಂದೆ ಸಳಿಗಳು ಗಜಗಟ್ಟಲೆ ಹೊರಚಾಚಿ, ತುದಿಗೊಂದು ಕೆಂಪು ಅರಿವೆ ಕಟ್ಟಿಕೊಂಡು ಹೋಗುವುದನ್ನು ಇಂದಿಗೂ ಕಾಣುತ್ತೇವೆ. ಆ ಅರಿವೆ ರಾತ್ರಿ ಯಾರಿಗೂ ಕಾಣುವುದಿಲ್ಲ. ಕಟ್ಟಡದ ಕೆಲಸದಲ್ಲಿರುವ ನಮ್ಮ ಹುಡುಗರು ಕಂಬದ ಮೇಲೆ ಬಿಟ್ಟ ಸಳಿಗಳ ತುದಿಯನ್ನು ಬಗ್ಗಿಸಲಿ, ಇಲ್ಲವೆ ಅದಕ್ಕೊಂದು ಬಾಟಲಿಯನ್ನಾದರೂ ತೊಡಿಸಿ ಕಾಣುವಂತೆ ಮಾಡಲಿ. ಕಾಂಟ್ರ್ಯಾಕ್ಟರನು ಮಾಡಲೆಂದು ಕಾಯುವುದಾದರೆ ಹೆಲ್ಮೆಟ್ಟು ತೆಗೆಯದೆ ಕಾಯಲಿ.

ಇಲ್ಲಿ ಹೇಳಿದ ಪ್ರಥಮ ಚಿಕಿತ್ಸೆಯ ಮಾತುಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದಪ್ಪಕ್ಷರದಲ್ಲಿ ಬರೆದು ಪತ್ರಿಕೆಗಳ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ತಮ್ಮ ಕೆಲಸದ ಜಾಗಕ್ಕೆ ಬೇಕೆನ್ನುವವರು ಹೇಳಿದರೆ ಪ್ರತಿ ಮಾಡಿ ಕೊಡುತ್ತೇನೆ. ಕಾಗದ ತಂದರೆ ಸಾಕು. ಸಿಂಬೆ ಕಟ್ಟುವುದನ್ನು ಈಗ ಒಂದು ಗಡಿಗೆಯ ಮೇಲೆ ಮಾಡಿ ತೋರಿಸುತ್ತೇನೆ. ಹಿಂದೆ ಕುಳಿತವರು ಸ್ವಲ್ಪ ಮುಂದೆ ಬರಬೇಕು.